ಬೈಪೋಲಾರ್ ಕಾಯಿಲೆ: ಮನೆಯವರೂ ಗೆಳೆಯರೂ ಸ್ವಸ್ಥ ದಿನಗಳಲ್ಲೇ ಮಾಡಿಕೊಳ್ಳಬೇಕಾದ ಏರ್ಪಾಡು

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂಬ ಮಾತು ಬೈಪೋಲಾರ್ ಕಾಯಿಲೆಯಿರುವ ಮನೆಗಳಿಗೆ ಒಪ್ಪುವಷ್ಟು ಬೇರೆಲ್ಲೂ ಒಪ್ಪಲಾರದು. ಮೂರು ರಾತ್ರಿ ನಿದ್ದೆಯಿಲ್ಲದೆ ಓಡಾಡುತ್ತಿರುವ, ಇದ್ದಬದ್ದ ಹಣವನ್ನೆಲ್ಲ ಹೊಸದೊಂದು ಉದ್ಯಮಕ್ಕೆ ಸುರಿಯಲು ಹೊರಟಿರುವ ವ್ಯಕ್ತಿಯನ್ನು ಕೂರಿಸಿಕೊಂಡು "ನಿನಗೆ ಹುಷಾರಿಲ್ಲ, ಆಸ್ಪತ್ರೆಗೆ ಹೋಗೋಣ" ಎಂದರೆ ಅವರು ಒಪ್ಪುವುದಿಲ್ಲ. ಬದುಕಿನಲ್ಲಿ ತಾನು ಇಷ್ಟು ಹುಷಾರಾಗಿ ಎಂದೂ ಇರಲಿಲ್ಲ ಎಂದೇ ಅವರಿಗೆ ಅನ್ನಿಸುತ್ತಿರುತ್ತದೆ. ಕೆಲವು ವಾರಗಳ ನಂತರ ಅದೇ ವ್ಯಕ್ತಿ ಹಾಸಿಗೆಯಿಂದ ಏಳಲಾರದೆ ಮಲಗಿರುವಾಗ ಯಾವ ಯೋಜನೆಯ ಮಾತೂ ಅವರ ಕಿವಿಗೆ ಇಳಿಯದು. ಆದ್ದರಿಂದ ಮನೆಯವರೂ ಗೆಳೆಯರೂ ಯಾವಾಗ, ಹೇಗೆ, ಎಷ್ಟರ ಮಟ್ಟಿಗೆ ನೆರವಾಗಬೇಕು ಎಂಬುದನ್ನು ಈ ಎರಡರ ನಡುವೆ ಸಿಗುವ ಸ್ವಸ್ಥ ದಿನಗಳಲ್ಲಿ, ಕಾಯಿಲೆಯಿರುವವರ ಒಪ್ಪಿಗೆಯಿಂದ, ಸಾಧ್ಯವಾದಷ್ಟೂ ಅವರದೇ ಮಾತುಗಳಲ್ಲಿ ನಿಶ್ಚಯಿಸಿಕೊಂಡಿರಬೇಕು. ಈ ಲೇಖನದ ಹೆಜ್ಜೆಗಳೆಲ್ಲ ಆ ಒಂದು ಕೆಲಸದ ಸುತ್ತಲೇ ಇವೆ. ರೋಗನಿರ್ಣಯವೂ ಔಷಧಿಯ ಆಯ್ಕೆಯೂ ಮನೋವೈದ್ಯರ ಕೆಲಸ. ಇಲ್ಲಿರುವುದು ಆ ಚಿಕಿತ್ಸೆಯ ಜೊತೆಜೊತೆಗೆ ಮನೆಯಲ್ಲಿ ನಡೆಯಬೇಕಾದದ್ದು.

ಮೊದಲನೆಯ ಹೆಜ್ಜೆ: ಕಾಯಿಲೆಯ ಸ್ವರೂಪವನ್ನು ಎಲ್ಲರೂ ಒಂದೇ ರೀತಿ ತಿಳಿದುಕೊಳ್ಳಿ

ಬೆಳಿಗ್ಗೆ ನಗು, ಸಂಜೆ ಸಿಟ್ಟು ಎಂಬಂತೆ ಮೂಡ್ ಬದಲಾಗುವವರನ್ನೆಲ್ಲ ಬೈಪೋಲಾರ್ ಎಂದು ಕರೆಯುವ ರೂಢಿ ಈಚೆಗೆ ಬಂದಿದೆ. ಅದು ತಪ್ಪು. ಈ ಕಾಯಿಲೆಯ ಏರಿಳಿತ ಗಂಟೆಗಳ ಲೆಕ್ಕದಲ್ಲಲ್ಲ, ದಿನಗಳ ಮತ್ತು ವಾರಗಳ ಲೆಕ್ಕದಲ್ಲಿ ಇರುತ್ತದೆ. ಉಬ್ಬಿದ ಅಥವಾ ಕೆರಳಿದ ಮನಸ್ಸು, ಉಕ್ಕುವ ಚೈತನ್ಯ, ಕಡಿಮೆಯಾದ ನಿದ್ದೆಯ ಅಗತ್ಯ, ತಡೆಯಿಲ್ಲದ ಮಾತು, ಹಿಂದುಮುಂದು ನೋಡದ ಖರ್ಚು ಮತ್ತು ಸಾಹಸಗಳು ಕನಿಷ್ಠ 7 ದಿನ ಮುಂದುವರಿದರೆ, ಅಥವಾ ಅದಕ್ಕೆ ಮೊದಲೇ ಆಸ್ಪತ್ರೆಗೆ ಸೇರಿಸಬೇಕಾದಷ್ಟು ತೀವ್ರವಾದರೆ, ಅದನ್ನು ಮೇನಿಯಾ ಅಥವಾ ಉನ್ಮಾದ ಎನ್ನುತ್ತಾರೆ. ಇದೇ ಲಕ್ಷಣಗಳು ಸೌಮ್ಯ ರೂಪದಲ್ಲಿ ಕನಿಷ್ಠ 4 ದಿನ ಇದ್ದರೆ ಅದು ಹೈಪೋಮೇನಿಯಾ. ಇಳಿತ, ಅಂದರೆ ಖಿನ್ನತೆ ಎಂದು ಕರೆಯಲು ಅದು ಕನಿಷ್ಠ 2 ವಾರ ಇರಬೇಕು. ವಾಸ್ತವದಲ್ಲಿ ಅದು ತಿಂಗಳುಗಟ್ಟಲೆ ಎಳೆಯುವುದೇ ಹೆಚ್ಚು. ಪೂರ್ಣ ಪ್ರಮಾಣದ ಮೇನಿಯಾ ಒಮ್ಮೆಯಾದರೂ ಬಂದಿದ್ದರೆ ಮೊದಲನೆಯ ಬಗೆಯ ಬೈಪೋಲಾರ್, ಹೈಪೋಮೇನಿಯಾ ಮತ್ತು ಖಿನ್ನತೆ ಮಾತ್ರ ಬಂದಿದ್ದರೆ ಎರಡನೆಯ ಬಗೆ. ವರ್ಷವೊಂದರಲ್ಲಿ ನಾಲ್ಕು ಅಥವಾ ಹೆಚ್ಚು ಬಾರಿ ಇಂಥ ಅವಧಿಗಳು ಬರುವುದೂ ಉಂಟು. ಏರು ಮತ್ತು ಇಳಿತದ ಲಕ್ಷಣಗಳು ಒಟ್ಟಿಗೇ ಕಾಣಿಸಿಕೊಳ್ಳುವ ಮಿಶ್ರ ಸ್ಥಿತಿಯೂ ಉಂಟು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ ಜನರಿಗೆ ಈ ಕಾಯಿಲೆಯಿತ್ತು. ಹೆಚ್ಚಾಗಿ ಇದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಅನುವಂಶೀಯತೆಯ ಪಾತ್ರ ದೊಡ್ಡದು. ಹಾಗೆಂದು ಯಾರ ಕಡೆಯ ರಕ್ತದಿಂದ ಬಂತು ಎಂಬ ವಿಚಾರಣೆಗೆ ಮನೆಯವರು ಕೂತರೆ ಅದರಿಂದ ಯಾರಿಗೂ ಗುಣವಾಗುವುದಿಲ್ಲ.

ರೋಗನಿರ್ಣಯದ ಹಂತದಲ್ಲೇ ಮನೆಯವರಿಂದ ಆಗಬೇಕಾದ ಒಂದು ಕೆಲಸವಿದೆ. ಜನ ವೈದ್ಯರ ಬಳಿ ಹೋಗುವುದು ಇಳಿತದಲ್ಲಿ. ಏರಿನ ದಿನಗಳನ್ನು ಅವರು ಕಾಯಿಲೆಯೆಂದು ಎಣಿಸಿಯೇ ಇರುವುದಿಲ್ಲ, ಹಾಗಾಗಿ ಹೇಳುವುದೂ ಇಲ್ಲ. ವೈದ್ಯರು ಬರೀ ಖಿನ್ನತೆಯೆಂದು ತಿಳಿದು ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಕೆಲವರಲ್ಲಿ ಅದು ಮೇನಿಯಾವನ್ನು ಕೆರಳಿಸಬಲ್ಲದು. ಆದ್ದರಿಂದ ಮೊದಲ ಭೇಟಿಗೆ ಹತ್ತಿರದವರೊಬ್ಬರು ಜೊತೆಗೆ ಹೋಗಿ, "ಎರಡು ವರ್ಷದ ಹಿಂದೆ ಎರಡು ವಾರ ಹೀಗೆ ಬಹಳ ಚುರುಕಾಗಿದ್ದರು, ರಾತ್ರಿ ಮೂರು ಗಂಟೆ ಮಲಗಿದರೂ ದಣಿಯುತ್ತಿರಲಿಲ್ಲ" ಎಂಬಂಥ ವಿವರವನ್ನು ವೈದ್ಯರಿಗೆ ಹೇಳಬೇಕು. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ, ಆತ್ಮಹತ್ಯೆ ನಡೆದಿತ್ತೇ ಎಂಬುದನ್ನೂ ಮುಚ್ಚಿಡಬಾರದು.

ಎರಡನೆಯ ಹೆಜ್ಜೆ: ಜೊತೆಗಾರರನ್ನು ಆರಿಸಿ, ಕೆಲಸ ಹಂಚಿ

ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ. ಮೂರರಿಂದ ಐದು ಜನ ಸಾಕು. ಆದರೆ ಅವರನ್ನು ಆರಿಸುವವರು ಕಾಯಿಲೆಯಿರುವವರೇ ಆಗಿರಬೇಕು. ಅಕ್ಕ ತಾನಾಗಿ ಮುಂದೆ ಬಂದರೂ ತಮ್ಮನಿಗೆ ಆಕೆಯ ಮಾತಿಗಿಂತ ಹಳೆಯ ಸಹಪಾಠಿಯ ಮಾತು ಹಿಡಿಸುವುದಾದರೆ ಆ ಸಹಪಾಠಿಯೇ ಸರಿ. ಹತ್ತಿರದ ನಂಟೇ ಒಳ್ಳೆಯ ಅರ್ಹತೆಯೆಂದು ತಿಳಿಯುವುದು ನಾವು ಮಾಡುವ ಸಾಮಾನ್ಯ ತಪ್ಪು.

ಗಂಡನೋ ಹೆಂಡತಿಯೋ ತಾಯಿಯೋ ಒಬ್ಬರೇ ಎಲ್ಲವನ್ನೂ ಹೊತ್ತರೆ ಎರಡನೆಯ ಸಲ ಕಾಯಿಲೆ ಮರುಕಳಿಸುವ ಹೊತ್ತಿಗೆ ಅವರೇ ಕುಸಿದಿರುತ್ತಾರೆ. ಅದಕ್ಕಾಗಿ ಕೆಲಸಗಳನ್ನು ಹಂಚಿಕೊಳ್ಳಿ. ಒಬ್ಬರು ವೈದ್ಯರ ಭೇಟಿಗೆ ಜೊತೆಯಾಗಲಿ. ಇನ್ನೊಬ್ಬರು ಹಣದ ವಿಷಯ ನೋಡಿಕೊಳ್ಳಲಿ. ಅಪರಾತ್ರಿಯಲ್ಲೂ ಫೋನ್ ಎತ್ತಬಲ್ಲವರು ಒಬ್ಬರಿರಲಿ. ಮಕ್ಕಳಿದ್ದರೆ ತುರ್ತು ಹೊತ್ತಿನಲ್ಲಿ ಅವರನ್ನು ಕರೆದುಕೊಂಡು ಹೋಗುವವರು ಯಾರೆಂಬುದು ಮೊದಲೇ ಗೊತ್ತಿರಲಿ. ಕಾಯಿಲೆಯ ವಿಷಯವನ್ನೇ ಎತ್ತದೆ ಬರೀ ಹರಟೆಗೆ, ಆಟಕ್ಕೆ, ನಡಿಗೆಗೆ ಬರುವ ಒಬ್ಬ ಗೆಳೆಯನೂ ಈ ಪಟ್ಟಿಯಲ್ಲಿರಬೇಕು ಎಂಬುದು ನನ್ನ ಆಗ್ರಹ. ಸುತ್ತಲಿನವರೆಲ್ಲ ಆರೈಕೆಗೇ ನಿಂತುಬಿಟ್ಟರೆ ಮನುಷ್ಯನಿಗೆ ತಾನು ರೋಗಿ ಎಂಬುದನ್ನು ಮರೆಯಲು ಜಾಗವೇ ಉಳಿಯುವುದಿಲ್ಲ.

ಕೆಲಸದ ಜಾಗದಲ್ಲಿ ಹೇಳಬೇಕೇ ಬೇಡವೇ ಎಂಬುದು ಅವರವರ ನಿರ್ಧಾರ. ಹೇಳುವುದಾದರೆ ಸ್ವಸ್ಥವಾಗಿರುವಾಗ, ಒಬ್ಬರಿಗೆ, ಬೇಕಾದ ಅನುಕೂಲ ಯಾವುದೆಂದು ಸ್ಪಷ್ಟವಾಗಿ ಹೇಳುವುದು ಮೇಲು.

ಮೂರನೆಯ ಹೆಜ್ಜೆ: ಮುನ್ಸೂಚನೆಗಳನ್ನು ಗುರುತಿಸಿ ಬರೆದಿಡಿ

ಇಡೀ ಏರ್ಪಾಡಿನಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಕೆಲಸ ಇದು. ಮೇನಿಯಾ ಒಮ್ಮೆಲೇ ಎರಗುವುದು ಅಪರೂಪ. ಬಹುತೇಕರಲ್ಲಿ ಅದು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಸದ್ದಿಲ್ಲದೆ ಬೆಳೆಯುತ್ತದೆ, ಮತ್ತು ಪ್ರತಿಯೊಬ್ಬರಲ್ಲೂ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ಬರುತ್ತದೆ. 1999ರಲ್ಲಿ ಬ್ರಿಟನ್ನಿನಲ್ಲಿ 69 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ತಮ್ಮದೇ ಮುನ್ಸೂಚನೆಗಳನ್ನು ಗುರುತಿಸಿ ಕೂಡಲೇ ಚಿಕಿತ್ಸೆಗೆ ಹೋಗುವುದನ್ನು ಕಲಿತವರಲ್ಲಿ ಮುಂದಿನ ಮೇನಿಯಾ ಗಣನೀಯವಾಗಿ ತಡವಾಯಿತು. ಅದೇ ಅಧ್ಯಯನದಲ್ಲಿ ಖಿನ್ನತೆಯ ವಿಷಯದಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ ಎಂಬುದನ್ನೂ ನೆನಪಿಡಬೇಕು. ಇಳಿತ ನಿಧಾನವಾಗಿ ಕವಿಯುವುದರಿಂದ ಅದರ ಮೊದಲ ದಿನವನ್ನು ಗುರುತಿಸುವುದು ಕಷ್ಟ.

ಗುರುತಿಸುವ ವಿಧಾನ ಹೀಗೆ. ಕಳೆದ ಬಾರಿ ಕಾಯಿಲೆ ಎದ್ದ ದಿನವನ್ನು ಹಾಳೆಯ ಕೊನೆಯಲ್ಲಿ ಬರೆದುಕೊಂಡು ಅಲ್ಲಿಂದ ಹಿಂದಕ್ಕೆ ಮೂರು ವಾರ ನಡೆಯಿರಿ. ಆ ದಿನಗಳಲ್ಲಿ ಏನೇನಾಗಿತ್ತು? ಕಾಯಿಲೆಯಿರುವವರು ಮೊದಲು ತಮ್ಮ ನೆನಪನ್ನು ಬರೆಯಲಿ, ನಂತರ ಜೊತೆಗಾರರು ಬೇರೆ ಹಾಳೆಯಲ್ಲಿ ತಮ್ಮದನ್ನು ಬರೆಯಲಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಫೋನಿನಲ್ಲಿರುವ ಸಂದೇಶಗಳ ಸಮಯ, ಖರ್ಚಿನ ವಿವರ ಇವು ನೆನಪಿಗಿಂತ ನಿಖರವಾದ ಸಾಕ್ಷಿಗಳು. "ಸ್ವಲ್ಪ ಜಾಸ್ತಿ ಖುಷಿಯಾಗಿದ್ದರು" ಎಂಬಂಥ ಸಾಮಾನ್ಯ ಮಾತು ಇಲ್ಲಿ ಕೆಲಸಕ್ಕೆ ಬಾರದು. ಒಬ್ಬರಲ್ಲಿ ಮೊದಲ ಗುರುತು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮನೆ ಒಪ್ಪ ಮಾಡುವುದು. ಇನ್ನೊಬ್ಬರಲ್ಲಿ ವರ್ಷಗಳಿಂದ ಮಾತಿಲ್ಲದ ಪರಿಚಿತರಿಗೆಲ್ಲ ಒಂದೇ ಸಂಜೆ ಫೋನ್ ಮಾಡುವುದು. ಮತ್ತೊಬ್ಬರಲ್ಲಿ ಬಣ್ಣಗಳು ಇದ್ದದ್ದಕ್ಕಿಂತ ಹೊಳಪಾಗಿ ಕಾಣುವುದು, ಎಲ್ಲ ಘಟನೆಗಳಿಗೂ ಒಳ ಅರ್ಥವಿದೆ ಅನ್ನಿಸುವುದು. ಇಳಿತದ ಗುರುತುಗಳು ಇನ್ನೂ ಸಣ್ಣವು: ಸ್ನಾನ ಮುಂದೂಡುವುದು, ಕರೆಗಳಿಗೆ ಉತ್ತರಿಸದಿರುವುದು, ಸಣ್ಣ ನಿರ್ಧಾರಕ್ಕೂ ತಡಕಾಡುವುದು.

ಇಲ್ಲಿ ಕಾಯಿಲೆಯಿರುವವರ ಕಡೆಯ ದೂರೊಂದಿದೆ, ಅದು ನ್ಯಾಯವಾದದ್ದೂ ಹೌದು. ರೋಗನಿರ್ಣಯವಾದ ಮೇಲೆ ಅವರು ಜೋರಾಗಿ ನಕ್ಕರೂ, ಹೊಸ ಅಂಗಿ ಕೊಂಡರೂ, ನ್ಯಾಯವಾದ ಕಾರಣಕ್ಕೇ ಸಿಟ್ಟು ಮಾಡಿಕೊಂಡರೂ ಮನೆಯವರು ಮುಖ ಮುಖ ನೋಡಿಕೊಂಡು "ಮಾತ್ರೆ ತಗೊಂಡೆಯಾ?" ಎನ್ನುತ್ತಾರೆ. ಹಗ್ಗವೆಲ್ಲ ಹಾವಾಗಿ ಕಾಣತೊಡಗಿದ ಮನೆಯಲ್ಲಿ ಯಾರೂ ನೆಮ್ಮದಿಯಿಂದ ಇರಲಾರರು. ಪರಿಹಾರವೆಂದರೆ ಲೆಕ್ಕವನ್ನು ಮೊದಲೇ ಕಟ್ಟುವುದು: ಪಟ್ಟಿಯಲ್ಲಿರುವ ಗುರುತುಗಳ ಪೈಕಿ ಕನಿಷ್ಠ ಎರಡು, ಎರಡು ದಿನ ಒಟ್ಟಿಗೆ ಕಂಡರೆ ಮಾತ್ರ ಜೊತೆಗಾರರು ಮಾತೆತ್ತಬಹುದು, ನಿದ್ದೆ ಕಡಿಮೆಯಾಗಿದ್ದೂ ದಣಿವು ಕಾಣದಿದ್ದರೆ ಅದೊಂದೇ ಸಾಕು. ಪಟ್ಟಿಯಲ್ಲಿಲ್ಲದ ನಗು, ಸಿಟ್ಟು, ಖರ್ಚುಗಳ ಬಗ್ಗೆ ಚಕಾರವೆತ್ತುವ ಹಾಗಿಲ್ಲ. ಮಾತೆತ್ತುವಾಗ ಬಳಸುವ ವಾಕ್ಯವನ್ನೂ ಅವರಿಂದಲೇ ಕೇಳಿ ಬರೆದಿಡಿ. "ನೀನು ಮತ್ತೆ ಹಾಗಾಗ್ತಿದ್ದೀಯ" ಎಂಬುದಕ್ಕೂ "ಪಟ್ಟಿಯ ಎರಡನೆಯದೂ ಐದನೆಯದೂ ನನಗೆ ಕಾಣ್ತಿವೆ, ನಿನಗೆ ಏನನ್ನಿಸುತ್ತೆ?" ಎಂಬುದಕ್ಕೂ ಇರುವ ಅಂತರ ಕೇಳುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಇದರ ಜೊತೆಗೆ ದಿನಕ್ಕೆ ಒಂದು ನಿಮಿಷದ ದಿನಚರಿ ಪುಸ್ತಕ ಇರಲಿ. ಮಲಗಿದ ಹೊತ್ತು, ಎದ್ದ ಹೊತ್ತು, ಮನಸ್ಸಿನ ಮಟ್ಟಕ್ಕೆ ಮೈನಸ್ 5ರಿಂದ ಪ್ಲಸ್ 5ರವರೆಗೆ ಒಂದು ಅಂಕಿ, ಮಾತ್ರೆ ತೆಗೆದುಕೊಂಡದ್ದು. ಮಹಿಳೆಯರಾದರೆ ಮುಟ್ಟಿನ ದಿನಗಳು. ಇದಕ್ಕಿಂತ ಹೆಚ್ಚು ಬರೆಯಲು ಹೊರಟವರು ಹದಿನೈದು ದಿನದಲ್ಲಿ ಬಿಟ್ಟುಬಿಡುತ್ತಾರೆ.

ನಾಲ್ಕನೆಯ ಹೆಜ್ಜೆ: ನಿದ್ದೆಯನ್ನು ಇಡೀ ಮನೆಯ ಜವಾಬ್ದಾರಿಯಾಗಿಸಿ

ಈ ಕಾಯಿಲೆಯಲ್ಲಿ ನಿದ್ದೆ ಕಡಿಮೆಯಾಗುವುದು ಲಕ್ಷಣವೂ ಹೌದು, ಕಾರಣವೂ ಹೌದು. ಒಂದೆರಡು ರಾತ್ರಿಯ ಜಾಗರಣೆ ಕೆಲವರಲ್ಲಿ ಮೇನಿಯಾಕ್ಕೆ ಕಿಡಿ ಹಚ್ಚಬಲ್ಲದು. ಅದಕ್ಕಾಗಿ ದಿನಚರಿಯ ಕೆಲವು ಗೂಟಗಳನ್ನು ಗಟ್ಟಿಯಾಗಿ ನೆಡಬೇಕು: ಏಳುವ ಹೊತ್ತು, ಮನೆಯವರೊಡನೆ ಮೊದಲ ಮಾತಾಡುವ ಹೊತ್ತು, ಕೆಲಸ ಶುರುಮಾಡುವ ಹೊತ್ತು, ಊಟದ ಹೊತ್ತು, ಮಲಗುವ ಹೊತ್ತು. ಈ ಹೊತ್ತುಗಳನ್ನು ಸ್ಥಿರವಾಗಿಡುವುದನ್ನೇ ಕೇಂದ್ರವಾಗಿಸಿಕೊಂಡ ಚಿಕಿತ್ಸಾ ಪದ್ಧತಿಯೊಂದನ್ನು ಅಮೆರಿಕದ ಮನಃಶಾಸ್ತ್ರಜ್ಞೆ ಎಲೆನ್ ಫ್ರಾಂಕ್ ಮತ್ತು ಸಂಗಡಿಗರು ರೂಪಿಸಿದ್ದಾರೆ. ಇವುಗಳಲ್ಲಿ ಏಳುವ ಹೊತ್ತನ್ನು ಮೊದಲು ಹಿಡಿಯಿರಿ. ರಜೆಯ ದಿನವೂ ಅದು ಬದಲಾಗದಿದ್ದರೆ ಮಲಗುವ ಹೊತ್ತು ತಾನಾಗಿ ಹಿಂದೆ ಬರುತ್ತದೆ.

ಒಬ್ಬರೇ ಹತ್ತು ಗಂಟೆಗೆ ಮಲಗಿ, ಉಳಿದವರು ಹನ್ನೆರಡರವರೆಗೆ ಟಿವಿ ಹಾಕಿಕೊಂಡು ಕೂತರೆ ಈ ನಿಯಮ ನಿಲ್ಲದು. ರಾತ್ರಿ ದೀಪ ತಗ್ಗಿಸುವುದು, ಸದ್ದು ಇಳಿಸುವುದು, ಜಗಳಕ್ಕೆ ಕಾರಣವಾಗುವ ಮಾತನ್ನು ಬೆಳಿಗ್ಗೆಗೆ ಎತ್ತಿಡುವುದು ಮನೆಯವರೆಲ್ಲರ ಪಾಲಿನ ಕೆಲಸ. ರಾತ್ರಿ ಪಾಳಿ, ಕಾಲಮಾನ ಬದಲಾಗುವ ದೂರದ ಪ್ರಯಾಣ, ಪರೀಕ್ಷೆ, ಮದುವೆ, ಸಾವು, ಮನೆಗೆ ಬಂದ ಹಸುಗೂಸು ಇವೆಲ್ಲ ಮೊದಲೇ ಗೊತ್ತಾಗುವ ಅಥವಾ ಊಹಿಸಬಹುದಾದ ಗಂಡಾಂತರಗಳು; ಅಂಥ ದಿನಗಳಿಗೆ ಮುನ್ನ ವೈದ್ಯರೊಡನೆ ಮಾತಾಡಿ ನಿದ್ದೆಗೆ ವ್ಯವಸ್ಥೆ ಮಾಡಿಕೊಳ್ಳಬೇಕು. ಹೆರಿಗೆಯ ನಂತರದ ವಾರಗಳಲ್ಲಿ ಬೈಪೋಲಾರ್ ಇರುವ ಮಹಿಳೆಯರಿಗೆ ಕಾಯಿಲೆ ತೀವ್ರವಾಗಿ ಮರುಕಳಿಸುವ ಅಪಾಯ ವಿಶೇಷವಾಗಿ ಹೆಚ್ಚು. ಆಗ ರಾತ್ರಿಯ ಹೊತ್ತು ಮಗುವನ್ನು ನೋಡಿಕೊಳ್ಳುವ ಕೆಲಸವನ್ನು ಬೇರೆಯವರು ವಹಿಸಿಕೊಳ್ಳುವುದನ್ನು ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು. ಮದ್ಯ, ಗಾಂಜಾಗಳಿಂದ ದೂರವಿರುವಂತೆ ಹೇಳುವ ಗೆಳೆಯರು ಅವರ ಎದುರಿಗೆ ತಾವೂ ಮುಟ್ಟದಿರುವುದು ಒಳ್ಳೆಯದು.

ಐದನೆಯ ಹೆಜ್ಜೆ: ಔಷಧಿಯ ವಿಷಯದಲ್ಲಿ ಯಾರ ಪಾತ್ರ ಎಷ್ಟು ಎಂದು ತೀರ್ಮಾನಿಸಿ

ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಮೇನಿಯಾದ ಮೇಲೆ ಲಿಥಿಯಂನ ಪರಿಣಾಮವನ್ನು ಪ್ರಕಟಿಸಿದರು. ಇಂದಿಗೂ ದೀರ್ಘಕಾಲದ ಚಿಕಿತ್ಸೆಯಲ್ಲಿ ಅದಕ್ಕೆ ಮುಖ್ಯ ಸ್ಥಾನವಿದೆ, ಮತ್ತು ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುತ್ತದೆ ಎಂಬ ಹೆಗ್ಗಳಿಕೆಯೂ ಅದಕ್ಕಿದೆ. ವಾಲ್ಪ್ರೋಯೇಟ್, ಲ್ಯಾಮೋಟ್ರಿಜಿನ್, ಕ್ವೆಟಿಯಾಪಿನ್, ಒಲಾಂಜಪಿನ್ ಮೊದಲಾದವನ್ನೂ ವೈದ್ಯರು ರೋಗಿಯ ಸ್ಥಿತಿಗೆ ತಕ್ಕಂತೆ ಬಳಸುತ್ತಾರೆ. ಯಾವುದೇ ಇರಲಿ, ಜೊತೆಗಾರರು ಅದರ ಹೆಸರು, ಪ್ರಮಾಣ ಮತ್ತು ಅಪಾಯದ ಚಿಹ್ನೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು.

ಲಿಥಿಯಂ ಬಗ್ಗೆ ಹೆಚ್ಚು ತಿಳಿದಿರಬೇಕಾದ ಕಾರಣವೆಂದರೆ, ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವೆ ಅಂತರ ಕಡಿಮೆ. ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್‌ನಷ್ಟು ಇರುವಂತೆ ನೋಡಿಕೊಳ್ಳುತ್ತಾರೆ; ಕೆಲವರಿಗೆ 1.0ರವರೆಗೂ ಬೇಕಾಗುತ್ತದೆ. ಪರೀಕ್ಷೆಗೆ ರಕ್ತ ಕೊಡಬೇಕಾದದ್ದು ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ. ಬೆಳಿಗ್ಗೆ ಮಾತ್ರೆ ನುಂಗಿ ನೇರವಾಗಿ ಪ್ರಯೋಗಾಲಯಕ್ಕೆ ಹೋದರೆ ಅಂಕಿ ತಪ್ಪು ಬರುತ್ತದೆ. ಕಿಡ್ನಿ, ಥೈರಾಯ್ಡ್ ಮತ್ತು ಕ್ಯಾಲ್ಸಿಯಂ ಪರೀಕ್ಷೆಗಳನ್ನು ಸುಮಾರು ಆರು ತಿಂಗಳಿಗೊಮ್ಮೆ ಮಾಡಿಸುತ್ತಾರೆ. ವಾಂತಿಭೇದಿ, ಜ್ವರ, ಸುಡುಬಿಸಿಲಿನ ಬೆವರು, ಉಪವಾಸ, ಇದ್ದಕ್ಕಿದ್ದಂತೆ ಉಪ್ಪು ಬಿಡುವುದು ಇವೆಲ್ಲ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳೂ ರಕ್ತದೊತ್ತಡದ ಕೆಲವು ಮಾತ್ರೆಗಳೂ ಅದನ್ನೇ ಮಾಡುತ್ತವೆ. ಹಾಗಾಗಿ ಬೆನ್ನುನೋವೆಂದು ಗೆಳೆಯರು ಒಳ್ಳೆಯ ಮನಸ್ಸಿನಿಂದ ಕೊಟ್ಟ ಒಂದು ಮಾತ್ರೆಯೂ ತೊಂದರೆ ತರಬಹುದು. ಕೈ ಜೋರಾಗಿ ನಡುಗುವುದು, ನಾಲಿಗೆ ತೊದಲುವುದು, ನಡಿಗೆ ತೂರಾಡುವುದು, ನಿಲ್ಲದ ವಾಂತಿಭೇದಿ, ಮಂಕು ಕವಿಯುವುದು ಕಂಡರೆ ಮುಂದಿನ ಮಾತ್ರೆಯನ್ನು ತಡೆದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಲ್ಯಾಮೋಟ್ರಿಜಿನ್ ತೆಗೆದುಕೊಳ್ಳುವವರಲ್ಲಿ ಚರ್ಮದ ಮೇಲೆ ಹೊಸದಾಗಿ ದದ್ದು ಕಂಡರೆ ಅಂದೇ ವೈದ್ಯರಿಗೆ ತಿಳಿಸಿ. ಸತತವಾಗಿ ಕೆಲವು ದಿನ ತಪ್ಪಿದ್ದರೆ ಹಳೆಯ ಪ್ರಮಾಣವನ್ನೇ ಮತ್ತೆ ಶುರುಮಾಡದೆ ಮೊದಲು ಅವರನ್ನು ಕೇಳಿ. ವಾಲ್ಪ್ರೋಯೇಟ್ ಗರ್ಭದಲ್ಲಿರುವ ಮಗುವಿಗೆ ಗಂಭೀರ ಹಾನಿ ಮಾಡಬಲ್ಲದು. ಗರ್ಭ ಧರಿಸುವ ಸಾಧ್ಯತೆಯಿರುವ ಮಹಿಳೆಯರು ಈ ಮಾತನ್ನು ವೈದ್ಯರೊಡನೆ ಬಿಚ್ಚಿ ಮಾತಾಡಲೇಬೇಕು. ಒಲಾಂಜಪಿನ್, ಕ್ವೆಟಿಯಾಪಿನ್‌ಗಳಲ್ಲಿ ತೂಕ ಮತ್ತು ರಕ್ತದ ಸಕ್ಕರೆಯ ಮೇಲೆ ಕಣ್ಣಿರಬೇಕು.

ಚೆನ್ನಾಗಿದ್ದೇನಲ್ಲ, ಇನ್ನೇಕೆ ಮಾತ್ರೆ ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಕೆಲವರಿಗೆ ಮೈ ಭಾರವಾಗಿರುವುದು ಕಾರಣ, ಕೆಲವರಿಗೆ ಮನಸ್ಸು ಮೊಂಡಾಗಿದೆ ಅನ್ನಿಸುವುದು ಕಾರಣ. ಏರಿನ ದಿನಗಳ ಆ ಹುರುಪನ್ನು ಕಳೆದುಕೊಂಡ ದುಃಖವೂ ಇರುತ್ತದೆ, ಅದನ್ನು ಲೇವಡಿ ಮಾಡಬಾರದು. ಅಡ್ಡಪರಿಣಾಮದ ದೂರನ್ನು ಮನೆಯವರು ಸುಳ್ಳೆಂದು ತಳ್ಳಿಹಾಕಿದರೆ ಅವರು ಮಾತ್ರೆಯನ್ನು ಗುಟ್ಟಾಗಿ ಬಿಡುತ್ತಾರೆ. "ಬಿಡುವುದಾದರೆ ವೈದ್ಯರಿಗೆ ಹೇಳಿ ನಿಧಾನವಾಗಿ ಇಳಿಸೋಣ, ಒಮ್ಮೆಲೇ ನಿಲ್ಲಿಸುವುದು ಬೇಡ" ಎಂಬ ಮಾತಿಗೆ ಒಪ್ಪಿಸಿಕೊಂಡರೆ ಸಾಕಷ್ಟು ಗೆದ್ದಂತೆ. ಲಿಥಿಯಂ ಅನ್ನು ಥಟ್ಟನೆ ನಿಲ್ಲಿಸಿದರೆ ಮೇನಿಯಾ ಮರುಕಳಿಸುವ ಸಾಧ್ಯತೆ ಹೆಚ್ಚು. ವಾರದ ಏಳು ಖಾನೆಗಳ ಮಾತ್ರೆ ಡಬ್ಬಿಯನ್ನು ಇಟ್ಟುಕೊಂಡು, ಭಾನುವಾರ ಇಬ್ಬರೂ ಸೇರಿ ತುಂಬಿದರೆ ದಿನವೂ ಕೇಳುವ ಪ್ರಸಂಗವೇ ಬರುವುದಿಲ್ಲ. ತಪ್ಪಿದ ಮಾತ್ರೆಗೆ ಪ್ರತಿಯಾಗಿ ಮರುದಿನ ಎರಡು ನುಂಗಬಾರದು. ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡುವುದಂತೂ ಬೇಡವೇ ಬೇಡ. ಅದು ಗೊತ್ತಾದ ದಿನ ನಂಬಿಕೆಯೂ ಹೋಗುತ್ತದೆ, ಚಿಕಿತ್ಸೆಯೂ ಹೋಗುತ್ತದೆ.

ಆರನೆಯ ಹೆಜ್ಜೆ: ಒಪ್ಪಂದವನ್ನು ಬರವಣಿಗೆಗೆ ಇಳಿಸಿ

ಮೇಲಿನದೆಲ್ಲ ಸೇರಿ ಈಗ ಎರಡು ಪುಟದ ಒಂದು ಪತ್ರವಾಗಬೇಕು. ಅದನ್ನು ಕಾಯಿಲೆಯಿರುವವರೇ, "ನಾನು" ಎಂದು ಶುರುಮಾಡಿ ಬರೆಯಲಿ. "ನಾನು ಮೂರು ರಾತ್ರಿ ಐದು ಗಂಟೆಗಿಂತ ಕಡಿಮೆ ಮಲಗಿದ್ದರೆ, ನಾನು ಬೇಡವೆಂದರೂ, ನನ್ನ ತಂಗಿ ನನ್ನ ವೈದ್ಯರಿಗೆ ಫೋನ್ ಮಾಡಬಹುದು" ಎಂಬ ಒಂದು ವಾಕ್ಯ ಮುಂದೆ ಬರುವ ನೂರು ವಾದಗಳನ್ನು ತಪ್ಪಿಸುತ್ತದೆ. ಏರಿನ ಹೊತ್ತಿನಲ್ಲಿ ಅವರು ಸಿಟ್ಟಾಗಬಹುದು. ಆದರೂ ಎದುರಿಗಿರುವುದು ಅವರದೇ ಕೈಬರಹ.

ಹಣದ ಬಗ್ಗೆ ಸ್ಪಷ್ಟವಾದ ಕಲಮುಗಳಿರಲಿ. ಮೇನಿಯಾದಲ್ಲಿ ಹೋಗುವ ಹಣ ಹಲವು ಮನೆಗಳಲ್ಲಿ ಕಾಯಿಲೆಗಿಂತ ಹೆಚ್ಚು ಕಾಲ ನೋವು ಕೊಡುತ್ತದೆ. ಇಂತಿಷ್ಟಕ್ಕೆ ಮೀರಿದ ಖರ್ಚಿಗೆ ಎರಡು ರಾತ್ರಿ ನಿದ್ದೆ ಮಾಡಿ, ಇಬ್ಬರನ್ನು ಕೇಳಿ ಎಂಬ ನಿಯಮ ಸರಳವಾದದ್ದು. ದಿನದ ಖರ್ಚಿನ ಖಾತೆಯನ್ನೂ ಉಳಿತಾಯದ ಖಾತೆಯನ್ನೂ ಬೇರೆ ಮಾಡುವುದು, ಕಾರ್ಡಿನ ಮಿತಿಯನ್ನು ತಗ್ಗಿಸಿಡುವುದು, ಮುನ್ಸೂಚನೆ ಕಂಡ ದಿನ ಕಾರ್ಡನ್ನು ಯಾರ ಕೈಗೆ ಕೊಡಬೇಕೆಂದು ಬರೆಯುವುದು ಇವೂ ಸೇರಲಿ. ಕಾಯಿಲೆ ತಗ್ಗಿದ ಮೇಲೆ ಕಾರ್ಡ್ ಎಂದು ಹಿಂದಿರುಗಬೇಕೆಂಬುದನ್ನೂ ಬರೆಯದೆ ಬಿಡಬೇಡಿ. ಕೊಟ್ಟ ಅಧಿಕಾರ ವಾಪಸು ಬರದಿದ್ದರೆ ಮುಂದಿನ ಸಲ ಯಾರೂ ಕೊಡುವುದಿಲ್ಲ.

ವಾಹನದ ಕೀಲಿ, ಸಾಮಾಜಿಕ ಜಾಲತಾಣಗಳ ಬಳಕೆ, ರಾಜೀನಾಮೆ ಅಥವಾ ವಿಚ್ಛೇದನದಂಥ ದೊಡ್ಡ ನಿರ್ಧಾರಗಳನ್ನು ಮುಂದೂಡುವುದು, ಯಾವ ಆಸ್ಪತ್ರೆ ಸಮ್ಮತ, ಯಾವ ಔಷಧಿ ಹಿಂದೆ ಹಿಡಿಸಿರಲಿಲ್ಲ, ಆಸ್ಪತ್ರೆಯಲ್ಲಿ ಯಾರು ನೋಡಲು ಬರಬಹುದು, ಯಾರು ಬರಬಾರದು, ಮಕ್ಕಳಿಗೆ ಯಾರು ಏನು ಹೇಳಬೇಕು ಎಂಬುವೂ ಈ ಪತ್ರದಲ್ಲಿ ಬರಬೇಕು. ಹಲವು ದೇಶಗಳಲ್ಲಿ ಇಂಥ ಮುಂಗಡ ಇಚ್ಛಾಪತ್ರಕ್ಕೆ ಕಾನೂನಿನ ಮಾನ್ಯತೆಯಿದೆ. ನಿಮ್ಮಲ್ಲಿ ಅದಕ್ಕೆ ಯಾವ ನಮೂನೆ ಬೇಕೆಂದು ವೈದ್ಯರನ್ನೋ ವಕೀಲರನ್ನೋ ಕೇಳಿ.

ಏಳನೆಯ ಹೆಜ್ಜೆ: ಏರು ಬಂದಾಗ

ಮಾತು ಚಿಕ್ಕದಾಗಿರಲಿ, ದನಿ ತಗ್ಗಿರಲಿ. ಒಬ್ಬರೇ ಮಾತಾಡಿ; ನಾಲ್ವರು ಸುತ್ತುವರಿದು ಬುದ್ಧಿ ಹೇಳುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ತಾನು ವಿಶೇಷ ಶಕ್ತಿಯುಳ್ಳವನೆಂದೋ ಯಾರೋ ತನ್ನ ಬೆನ್ನು ಹತ್ತಿದ್ದಾರೆಂದೋ ಅವರು ನಂಬಿದ್ದರೆ ಅದನ್ನು ಸುಳ್ಳೆಂದು ಸಾಧಿಸಲು ಹೋಗಬೇಡಿ, ಹೌದೆಂದು ತಲೆಯಾಡಿಸಲೂ ಬೇಡಿ. "ನಿನಗೆ ಹಾಗನ್ನಿಸುತ್ತಿದೆ, ನನಗೆ ಹಾಗೆ ಕಾಣುತ್ತಿಲ್ಲ, ಈಗ ಸ್ವಲ್ಪ ಹೊತ್ತು ಮಲಗೋಣ" ಎನ್ನುವಷ್ಟು ಸಾಕು. ಜನಸಂದಣಿ, ಜೋರು ಸಂಗೀತ, ಅತಿಥಿಗಳು, ಕಾಫಿ ಇವನ್ನೆಲ್ಲ ಕಡಿಮೆ ಮಾಡಿ, ಒಪ್ಪಂದದ ಪತ್ರದಲ್ಲಿರುವಂತೆ ಅಂದೇ ವೈದ್ಯರನ್ನು ಸಂಪರ್ಕಿಸಿ. ನಾಳೆ ನೋಡೋಣ ಎಂದು ಕಳೆದ ಒಂದು ರಾತ್ರಿ ಈ ಕಾಯಿಲೆಯಲ್ಲಿ ದುಬಾರಿ. ಅವರಾಡುವ ಚುಚ್ಚುಮಾತುಗಳಿಗೆ ಆಗಲೇ ಉತ್ತರ ಕೊಡಬೇಕಾಗಿಲ್ಲ. ಹೊಡೆದಾಟ, ಬೆದರಿಕೆ, ಅಪಾಯಕರ ವಾಹನ ಚಾಲನೆ, ಊಟ ನಿದ್ದೆ ಪೂರ್ತಿ ನಿಂತಿರುವುದು ಇದ್ದರೆ ಅದು ತುರ್ತು ಪರಿಸ್ಥಿತಿ. ಮಕ್ಕಳನ್ನು ದೂರ ಕಳುಹಿಸಿ, ಒಬ್ಬರೇ ಎದುರಿಸದೆ ತುರ್ತು ಸೇವೆಯನ್ನು ಕರೆಯಿರಿ.

ಎಂಟನೆಯ ಹೆಜ್ಜೆ: ಇಳಿತದಲ್ಲಿ

"ಮನಸ್ಸು ಗಟ್ಟಿ ಮಾಡಿಕೋ" ಎಂಬ ಮಾತು ಮುರಿದ ಕಾಲಿನವರಿಗೆ ಓಡು ಎಂದಂತೆ. ಬದಲಿಗೆ ಕೆಲಸವನ್ನು ತುಂಡು ಮಾಡಿ: ಹಾಸಿಗೆಯಲ್ಲಿ ಎದ್ದು ಕೂರುವುದು, ಮುಖ ತೊಳೆಯುವುದು, ಬಾಗಿಲವರೆಗೆ ನಡೆಯುವುದು. "ಏನಾದರೂ ಬೇಕಿದ್ದರೆ ಹೇಳು" ಎನ್ನುವ ಗೆಳೆಯರಿಗೆ ಯಾರೂ ಹೇಳುವುದಿಲ್ಲ. "ನಾಳೆ ಐದಕ್ಕೆ ಬರ್ತೀನಿ, ಹತ್ತು ನಿಮಿಷ ಹೊರಗೆ ಕೂತಿರೋಣ, ಮಾತಾಡಬೇಕಾಗಿಲ್ಲ" ಎಂದವರು ನಿಜವಾಗಿ ನೆರವಾಗುತ್ತಾರೆ.

ಆತ್ಮಹತ್ಯೆಯ ವಿಷಯದಲ್ಲಿ ಸುತ್ತಿ ಬಳಸಿ ಕೇಳಬೇಡಿ. "ಸಾಯಬೇಕು ಅನ್ನಿಸ್ತಿದೆಯಾ? ಹೇಗೆ ಅಂತ ಯೋಚನೆ ಮಾಡಿದ್ದೀಯಾ?" ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಸಲ ಕೇಳಿದವರಿದ್ದಾರಲ್ಲ ಎಂದು ಹಗುರಾಗುತ್ತಾರೆ. ಯೋಚನೆಯಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಕೂಡಿಟ್ಟ ಮಾತ್ರೆಗಳು, ಕೀಟನಾಶಕ, ಆಯುಧಗಳನ್ನು ಮನೆಯಿಂದಲೇ ತೆಗೆಯಿರಿ. ಅಂದೇ ವೈದ್ಯರನ್ನೋ ನಿಮ್ಮ ದೇಶದ ಆತ್ಮಹತ್ಯೆ ತಡೆ ಸಹಾಯವಾಣಿಯನ್ನೋ ಸಂಪರ್ಕಿಸಿ, ಯೋಜನೆ ಸಿದ್ಧವಿದ್ದರೆ ಆಸ್ಪತ್ರೆಗೇ ಕರೆದೊಯ್ಯಿರಿ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ. ಕತ್ತಲೆಯ ಯೋಚನೆಗಳೂ ಏರಿನ ಚಡಪಡಿಕೆಯೂ ಒಟ್ಟಿಗಿರುವ ಮಿಶ್ರ ಸ್ಥಿತಿಯಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಯೋಚಿಸಿದ್ದನ್ನು ಮಾಡಿಬಿಡುವ ಶಕ್ತಿಯೂ ಆಗ ಇರುತ್ತದೆ. ದಿನಗಟ್ಟಲೆ ಮಂಕಾಗಿದ್ದವರು ಕಾರಣವಿಲ್ಲದೆ ಒಮ್ಮೆಲೇ ಶಾಂತರಾದರೆ ನಿರಾಳರಾಗುವ ಮೊದಲು ಕೇಳಿ ನೋಡಿ.

ಒಂಬತ್ತನೆಯ ಹೆಜ್ಜೆ: ತಗ್ಗಿದ ಮೇಲೆ ರಿಪೇರಿ

ಮೇನಿಯಾ ಇಳಿದ ಮೊದಲ ವಾರಗಳಲ್ಲಿ ನಾಚಿಕೆಯೂ ಖಿನ್ನತೆಯೂ ಬೆನ್ನುಬೆನ್ನಿಗೆ ಬರುತ್ತವೆ. ಸಾಲದ ಪಟ್ಟಿ ಮುಂದಿಡುವುದಕ್ಕೆ, "ಅವತ್ತು ನೀನು ಏನಂದೆ ಗೊತ್ತಾ" ಎನ್ನುವುದಕ್ಕೆ ಅದು ಹೊತ್ತಲ್ಲ. ಮೊದಲು ನಿದ್ದೆ ಮತ್ತು ದಿನಚರಿ ನೆಲೆಗೆ ಬರಲಿ. ನಂತರ ಒಂದೊಂದಾಗಿ ಎತ್ತಿಕೊಳ್ಳಿ: ರದ್ದು ಮಾಡಬಹುದಾದ ಖರೀದಿಗಳು, ತೀರಿಸಬೇಕಾದ ಸಾಲ, ಕ್ಷಮೆ ಕೇಳಬೇಕಾದ ಜನ. ಕಾಯಿಲೆ ಆಡಿಸಿದ ಮಾತು ಎಂಬುದು ನಿಜವೇ. ಆದರೆ ಆ ಮಾತಿನಿಂದ ನೊಂದವರ ನೋವೂ ನಿಜ. ಎರಡನ್ನೂ ಒಪ್ಪಿಕೊಳ್ಳುವ ಮನೆಯಲ್ಲಿ ಕ್ಷಮೆ ಕೇಳುವುದು ಕಷ್ಟವಾಗುವುದಿಲ್ಲ. ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕ ಸತ್ಯವನ್ನೇ ಹೇಳಿ, ಮುಖ್ಯವಾಗಿ ಇದು ಅವರಿಂದ ಆದದ್ದಲ್ಲ ಎಂದು.

ಹತ್ತನೆಯ ಹೆಜ್ಜೆ: ನೋಡಿಕೊಳ್ಳುವವರು

ಸದಾ ಟೀಕೆ, ಕಹಿ, ಅಥವಾ ಉಸಿರುಗಟ್ಟಿಸುವಷ್ಟು ಅತಿಯಾದ ಕಾಳಜಿ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂಬುದು ಸಂಶೋಧನೆಗಳಲ್ಲಿ ಕಂಡಿದೆ. ಇದನ್ನು ಮನೆಯವರ ಮೇಲಿನ ಆರೋಪವೆಂದು ಓದಬಾರದು. ದಣಿದವರ ಬಾಯಿಂದಲೇ ಕಹಿ ಬರುವುದು. ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಮಿಕ್ಲೊವಿಟ್ಜ್ ಮತ್ತು ಸಂಗಡಿಗರು ರೂಪಿಸಿದ ಕುಟುಂಬ ಕೇಂದ್ರಿತ ಚಿಕಿತ್ಸೆಯಲ್ಲಿ ಒಂಬತ್ತು ತಿಂಗಳಲ್ಲಿ 21 ಬಾರಿ ಮನೆಯವರನ್ನೂ ಕೂರಿಸಿಕೊಂಡು ಕಾಯಿಲೆಯ ತಿಳಿವಳಿಕೆ, ಮಾತಾಡುವ ರೀತಿ, ಸಮಸ್ಯೆ ಬಿಡಿಸುವ ರೀತಿಗಳನ್ನು ಕಲಿಸುತ್ತಾರೆ. 2003ರಲ್ಲಿ ಪ್ರಕಟವಾದ, 101 ರೋಗಿಗಳನ್ನು ಎರಡು ವರ್ಷ ಗಮನಿಸಿದ ಅಧ್ಯಯನದಲ್ಲಿ, ಔಷಧಿಯ ಜೊತೆಗೆ ಈ ಚಿಕಿತ್ಸೆ ಪಡೆದವರಲ್ಲಿ ಶೇ. 35 ಮಂದಿಗೆ ಕಾಯಿಲೆ ಮರುಕಳಿಸಿತು. ಔಷಧಿಯ ಜೊತೆಗೆ ಬರೀ ತುರ್ತು ನೆರವು ಪಡೆದವರಲ್ಲಿ ಶೇ. 54 ಮಂದಿಗೆ. ಇಂಥ ಚಿಕಿತ್ಸಕರು ಸಿಕ್ಕರೆ ಬಿಡಬೇಡಿ. ಸಿಗದಿದ್ದರೂ ವಾರಕ್ಕೊಂದು ಸಂಜೆ ನೋಡಿಕೊಳ್ಳುವವರದೇ ಆಗಿರಲಿ, ಆ ಸಂಜೆ ಪಟ್ಟಿಯಲ್ಲಿರುವ ಬೇರೊಬ್ಬರು ಮನೆಗೆ ಬರಲಿ.

ಒಪ್ಪಂದದ ಪತ್ರದ ಪ್ರತಿಗಳನ್ನು ಪ್ರತಿ ಜೊತೆಗಾರರಿಗೂ ವೈದ್ಯರಿಗೂ ಕೊಟ್ಟು, ಒಂದನ್ನು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿಡಿ. ಆರು ತಿಂಗಳಿಗೊಮ್ಮೆ, ರಕ್ತಪರೀಕ್ಷೆಯ ವಾರದಲ್ಲೇ ಆದರೆ ನೆನಪಿರುತ್ತದೆ, ಎಲ್ಲರೂ ಕೂತು ಅದನ್ನು ಮತ್ತೆ ಓದಿ. ಬದಲಾದ ಫೋನ್ ಸಂಖ್ಯೆ, ಬದಲಾದ ಮಾತ್ರೆ, ಇನ್ನು ಬೇಡವೆನಿಸಿದ ನಿಯಮಗಳನ್ನು ತಿದ್ದಿ, ಹಳೆಯ ಪ್ರತಿಗಳನ್ನು ಹರಿದುಹಾಕಿ, ಹೊಸದರ ಮೇಲೆ ಅಂದಿನ ತಾರೀಖು ಬರೆಯಿರಿ.